ಕುಣಿಯುವವರು ಕಟ್ಟಿದ ಹಾಡು

ಜನರ ಗದ್ದಲ ಕೇಳಿಸುವ ಧ್ವನಿಮುದ್ರಿಕೆಗಳ ಮೇಲೆ ನನಗೆ ಒಂದು ಕೈ ಹೆಚ್ಚೇ ಪ್ರೀತಿ. ಯಾರೋ ಕೇಕೆ ಹಾಕುತ್ತಾರೆ, ಯಾರದೋ ಚಪ್ಪಾಳೆ ತಾಳಕ್ಕಿಂತ ಮುಂದೆ ಓಡುತ್ತದೆ, ಹಾಡು ಮುಗಿಯುವ ಮೊದಲೇ ಮೆಚ್ಚುಗೆ ಉಕ್ಕುತ್ತದೆ. ಹಾಡು ಯಾರಿಗಾಗಿ ಹುಟ್ಟಿತೋ ಅವರೂ ಅಲ್ಲಿದ್ದಾರೆ ಎನ್ನುವ ಖುಷಿ ಅದು. ಆ ಖುಷಿಗಾಗಿ ನಾನು ಮತ್ತೆ ಮತ್ತೆ ಹಾಕಿಕೊಳ್ಳುವುದು ನ್ಯೂಯಾರ್ಕಿನ ಜೋ ಕ್ಯೂಬಾ ಸೆಕ್ಸ್‌ಟೆಟ್ 1966ರಲ್ಲಿ ಹೊರತಂದ 'ಬ್ಯಾಂಗ್ ಬ್ಯಾಂಗ್'. ಲೆಕ್ಕದ ಪ್ರಕಾರ ಅದು ಸ್ಟುಡಿಯೋ ಮುದ್ರಣ. ಆದರೆ ಅದರೊಳಗೆ ಒಂದಿಡೀ ಡಾನ್ಸ್ ಹಾಲ್ ತುಂಬಿ ತುಳುಕುತ್ತಿದೆ. ಲೈವ್ ಎಂದು ಹಣೆಪಟ್ಟಿ ಹಚ್ಚಿಕೊಂಡ ಎಷ್ಟೋ ಆಲ್ಬಂಗಳಲ್ಲಿ ಇಷ್ಟು ಜೀವ ಕಂಡಿಲ್ಲ.

ಹಾಡು ಹುಟ್ಟಿದ್ದೇ ಹಾಗೆ. ಅದು ಹುಟ್ಟಿದ ರಾತ್ರಿಯ ಕಥೆಯನ್ನು ತಂಡದ ಟಿಂಬಾಲೆಸ್ ಡ್ರಮ್ ವಾದಕ, ಗಾಯಕ ಜಿಮ್ಮಿ ಸಬಾಟರ್ ನಂತರ ಹೇಳಿಕೊಂಡಿದ್ದ. ಮ್ಯಾನ್‌ಹಟನ್‌ನ ಪಾಮ್ ಗಾರ್ಡನ್ಸ್ ಹಾಲಿನಲ್ಲಿ ಕಾರ್ಯಕ್ರಮ. ಬಂದವರು ಕಪ್ಪು ಅಮೆರಿಕನ್ನರು. ತಂಡ ಕ್ಯೂಬಾ ಮೂಲದ ಮಾಂಬೊ ಕುಣಿತದ ಸಂಗೀತ ನುಡಿಸುತ್ತಿದೆ, ನೆಲದ ಮೇಲೆ ಹೆಜ್ಜೆಗಳಿಲ್ಲ. ಇವರಿಗೆ ಒಗ್ಗುವಂಥದ್ದೊಂದನ್ನು ನುಡಿಸೋಣ ಎಂದು ಸಬಾಟರ್ ಒತ್ತಾಯಿಸಿದ. ನಾಯಕ ಜೋ ಕ್ಯೂಬಾಗೆ ಮನಸ್ಸಿರಲಿಲ್ಲ. ಕೊನೆಗೆ ಒಪ್ಪಿದ. ಪಿಯಾನೊ ಮುಂದೆ ಕೂತಿದ್ದ ನಿಕ್ ಹಿಮೆನೆಸ್‌ಗೆ ಸಬಾಟರ್ ಒಂದು ಸಣ್ಣ ಪಲುಕು ಹೇಳಿಕೊಟ್ಟ, ಅದು ಸುತ್ತತೊಡಗಿತು. ಜನ ಎದ್ದರು, ಅಲೆಯಂತೆ ಎಡಕ್ಕೂ ಬಲಕ್ಕೂ ತೂಗಿದರು, ತಮ್ಮಷ್ಟಕ್ಕೆ ತಾವೇ ಒಂದು ಸೊಲ್ಲನ್ನು ಕೂಗಲು ಶುರು ಮಾಡಿದರು. ಆ ಕೂಗು ಹಾಡಿಗೆ ಬೀಜವಾಯಿತು.

ಜೋ ಕ್ಯೂಬಾ ಒಪ್ಪಿಕೊಂಡ ಆ ಗಳಿಗೆಯ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ವೇದಿಕೆಯ ಮೇಲಿರುವವನು ಕೆಳಗೆ ನಿಂತವರ ದನಿಗೆ ಜಾಗ ಬಿಡುವುದು ಸುಲಭದ ಮಾತಲ್ಲ. ಹೆಸರು ಮಾಡಿದ ತಂಡ, ಕಲಿತ ರೀತಿ, ಬೆನ್ನಿಗಿದ್ದ ಮಾಂಬೊ ಪರಂಪರೆ, ಇವೆಲ್ಲ ಬೇಡವೆಂದೇ ಹೇಳಿರಬೇಕು. ಜೋ ಕ್ಯೂಬಾನ ದೊಡ್ಡತನವೆಲ್ಲ ಆ ಒಪ್ಪಿಗೆಯಲ್ಲಿದೆ ಎಂದು ನನ್ನ ನಂಬಿಕೆ.

ಹೆಸರು ಕ್ಯೂಬಾ ಆದರೂ ಅವನು ಕ್ಯೂಬಾದವನಲ್ಲ. ನಿಜವಾದ ಹೆಸರು ಗಿಲ್ಬರ್ಟೊ ಮಿಗೆಲ್ ಕಾಲ್ದೆರೋನ್. 1931ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ, ತಂದೆತಾಯಿ ಪೋರ್ಟೊರಿಕೊದಿಂದ ಬಂದವರು. ಹುಡುಗನಾಗಿದ್ದಾಗ ಪೊರಕೆಯ ಹಿಡಿಯನ್ನೇ ಬ್ಯಾಟ್ ಮಾಡಿಕೊಂಡು ಬೀದಿಯಲ್ಲಿ ಆಡುವ ಸ್ಟಿಕ್‌ಬಾಲ್‌ನ ಹುಚ್ಚು. ಕಾಲು ಮುರಿದು ಆಟ ನಿಂತಾಗ ಕೈಗೆ ಕಾಂಗಾ ಡ್ರಮ್ ಬಂತು. ದೊಡ್ಡ ಲ್ಯಾಟಿನ್ ಬ್ಯಾಂಡುಗಳೆಲ್ಲ ತುತ್ತೂರಿಗಳ ಸಾಲನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ ಅವನು ಆರೇ ಜನರ ತಂಡ ಇಟ್ಟುಕೊಂಡ. ತುತ್ತೂರಿಯ ಜಾಗದಲ್ಲಿ ಟಾಮಿ ಬೆರ್ರಿಯೋಸ್‌ನ ವೈಬ್ರಫೋನ್, ಜಲತರಂಗದ ಹತ್ತಿರದ ನಾದ. ಇದರಿಂದ ಒಂದು ದೊಡ್ಡ ಲಾಭವಾಯಿತು: ಹಿತ್ತಾಳೆಯ ಅಬ್ಬರ ಇಲ್ಲದಲ್ಲಿ ಮನುಷ್ಯರ ಕೂಗಿಗೆ ಸ್ಥಳ ಸಿಕ್ಕಿತು. 'ಬ್ಯಾಂಗ್ ಬ್ಯಾಂಗ್'ನಲ್ಲಿ ತುತ್ತೂರಿ ಮಾಡಬೇಕಾದ ಕೆಲಸವನ್ನೆಲ್ಲ ಮಾಡುವುದು ಗಂಟಲು ಮತ್ತು ಅಂಗೈ.

ಈ ಬಗೆಯ ಸಂಗೀತಕ್ಕೇ ಬೂಗಲೂ ಎಂದು ಹೆಸರು. ಕ್ಯೂಬಾ ಮೂಲದ ಚಾ ಚಾ ಲಯಕ್ಕೆ ಕಪ್ಪು ಅಮೆರಿಕನ್ನರ ರಿದಮ್ ಅಂಡ್ ಬ್ಲೂಸ್‌ನ ಪೆಟ್ಟು ಸೇರಿಸಿ, ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಚಪ್ಪಾಳೆ ಹೊಡೆದು, ಮೇಲೆ ಇಂಗ್ಲಿಷ್ ಸ್ಪ್ಯಾನಿಷ್ ಎರಡನ್ನೂ ಕಲಸಿ ಹಾಡಿದ್ದು. ಎರಡನೆಯ ಮಹಾಯುದ್ಧದ ನಂತರ ಪೋರ್ಟೊರಿಕೊದಿಂದ ಸಾವಿರಾರು ಕುಟುಂಬಗಳು ನ್ಯೂಯಾರ್ಕಿಗೆ ಬಂದು ನೆಲೆಸಿದವು. ಅಮೆರಿಕದ ದಕ್ಷಿಣ ರಾಜ್ಯಗಳ ಹೊಲ ಬಿಟ್ಟು ಬಂದ ಕಪ್ಪು ಕುಟುಂಬಗಳು ಪಕ್ಕದ ಬೀದಿಯಲ್ಲೇ ಇದ್ದವು. ಮಕ್ಕಳು ಒಂದೇ ಶಾಲೆಗೆ ಹೋದರು, ಒಂದೇ ರೇಡಿಯೋ ಕೇಳಿದರು. ಆ ಮಕ್ಕಳು ಬೆಳೆದು ವಾದ್ಯ ಹಿಡಿದಾಗ ಬಂದದ್ದೇ ಈ ಸಂಗೀತ.

'ಬ್ಯಾಂಗ್ ಬ್ಯಾಂಗ್'ನಲ್ಲಿ ನನಗೆ ಬಹಳ ಇಷ್ಟವಾದದ್ದು ಅದರ ಊಟದ ಮಾತು. ಮೆಕ್ಕೆಜೋಳದ ಕಾರ್ನ್‌ಬ್ರೆಡ್ ಬರುತ್ತದೆ, ಹಂದಿಯ ಕರುಳಿನಿಂದ ಮಾಡುವ ಚಿಟ್ಲಿನ್ಸ್ ಬರುತ್ತದೆ. ಇವು ಕಪ್ಪು ಜನರ ಅಡುಗೆಮನೆಯವು. ಜೊತೆಗೇ ಪೋರ್ಟೊರಿಕನ್ನರ ಕುಚಿಫ್ರೀಟೊ, ಕರಿದ ಹಂದಿಯ ತುಣುಕುಗಳು. ಒಡೆಯರ ಮನೆಗೆ ಒಳ್ಳೆಯ ಮಾಂಸ ಹೋದ ಮೇಲೆ ಉಳಿದದ್ದರಲ್ಲಿ ರುಚಿ ಕಂಡುಕೊಂಡವರ ತಿನಿಸುಗಳು ಎರಡೂ ಕಡೆ. ಭಾಷಣ ಮಾಡದೆ, ಕುಣಿಯುತ್ತಲೇ, ಆ ಹಾಡು ಎರಡು ಮನೆಗಳ ಎಲೆಯನ್ನು ಅಕ್ಕಪಕ್ಕ ಹಾಕುತ್ತದೆ. ಅದು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಪಟ್ಟಿಯಲ್ಲಿ 63ನೇ ಸ್ಥಾನಕ್ಕೆ ಏರಿತು. ಸ್ಪ್ಯಾನಿಷ್ ಹಾರ್ಲೆಮ್‌ನ ಆರು ಜನರಿಗೆ ಅದು ಸಣ್ಣ ಸಂಗತಿಯಲ್ಲ.

ಬೂಗಲೂ ಕೇಳಿ ಹಿರಿಯ ಸಂಗೀತಗಾರರು ಮೂಗು ಮುರಿದರು. ಕ್ಯೂಬಾದ ಲಯಶಾಸ್ತ್ರ ಅರೆದು ಕುಡಿದವರಿಗೆ ಇದು ಹುಡುಗಾಟವಾಗಿ ಕಂಡಿತು. ಬ್ರಾಂಕ್ಸ್‌ನ ಮಹಾ ಪಿಯಾನೊ ವಾದಕ ಎಡ್ಡಿ ಪಾಲ್ಮಿಯೇರಿಗಂತೂ ಬೂಗಲೂ ಎಂದರೆ ಆಗುತ್ತಿರಲಿಲ್ಲ, ಆದರೂ ಅವನೂ ನುಡಿಸಬೇಕಾಯಿತು, ಕುಣಿಯುವವರು ಕೇಳುತ್ತಿದ್ದರು. ಅವನ ಪ್ರತಿಭೆಗೆ ನಾನು ತಲೆಬಾಗುತ್ತೇನೆ, ಈ ಒಂದು ಮಾತಿನಲ್ಲಿ ಮಾತ್ರ ಅವನ ಜೊತೆ ನಿಲ್ಲಲಾರೆ. ಯಾಕೆಂದರೆ ಬೂಗಲೂ ಹುಡುಗರು ಕಿವಿಯಿಂದಲೇ ಮಾಡಿದ ಬೆರಕೆಯನ್ನು ಅವನು 1971ರ ಹೊತ್ತಿಗೆ ಹಾರ್ಲೆಮ್ ರಿವರ್ ಡ್ರೈವ್ ತಂಡ ಕಟ್ಟಿ, ಕಪ್ಪು ಸೋಲ್ ಸಂಗೀತಗಾರರನ್ನು ಕೂಡಿಸಿಕೊಂಡು, ಇನ್ನೂ ಆಳವಾಗಿ ಮಾಡಿದ. 1972ರಲ್ಲಿ ಆ ಸಂಗೀತವನ್ನು ಸಿಂಗ್ ಸಿಂಗ್ ಜೈಲಿಗೇ ಒಯ್ದು ಕೈದಿಗಳೆದುರು ನುಡಿಸಿದ. ಅದೇ ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನ ದಂಗೆಯಲ್ಲಿ 43 ಜನ ಸತ್ತದ್ದು ಅದರ ಹಿಂದಿನ ಸೆಪ್ಟೆಂಬರ್‌ನಲ್ಲಿ. ಸಿಂಗ್ ಸಿಂಗ್ ಕಚೇರಿಯ ಲೈವ್ ಆಲ್ಬಂನಲ್ಲೂ ಕೇಳುಗರೇ ಅರ್ಧ ಸಂಗೀತ.

ಬೂಗಲೂ ಮೂರ್ನಾಲ್ಕು ವರ್ಷ ಮೆರೆದು 1970ರ ಹೊತ್ತಿಗೆ ಬದಿಗೆ ಸರಿಯಿತು. ಅದರ ಜಾಗದಲ್ಲಿ ಫಾನಿಯಾ ಎಂಬ ಧ್ವನಿಮುದ್ರಿಕೆ ಕಂಪನಿ ಸಾಲ್ಸಾ ಸಂಗೀತವನ್ನು ಎತ್ತಿ ನಿಲ್ಲಿಸಿತು. ಹಿರಿಯ ತಂಡಗಳೂ ಕಾರ್ಯಕ್ರಮ ಗೊತ್ತುಮಾಡುವವರೂ ಸೇರಿ ನಮ್ಮನ್ನು ಉಸಿರುಗಟ್ಟಿಸಿದರು ಎಂದು ಬೂಗಲೂ ಹುಡುಗರಲ್ಲಿ ಕೆಲವರು ಕೊನೆಯವರೆಗೂ ನೊಂದುಕೊಂಡರು. ಜೋ ಕ್ಯೂಬಾ 2009ರಲ್ಲಿ ತೀರಿಕೊಂಡ, ಸಬಾಟರ್ 2012ರಲ್ಲಿ. ಆದರೆ 2018ರ ಬೇಸಿಗೆಯಲ್ಲಿ ಬ್ರಾಂಕ್ಸ್‌ನ ಕಾರ್ಡಿ ಬಿ ಹಾಡಿದ 'ಐ ಲೈಕ್ ಇಟ್' ಅದೇ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರ ತಳಪಾಯ ಪೀಟ್ ರೊಡ್ರಿಗೆಸ್‌ನ 1967ರ ಬೂಗಲೂ.

ಕಾರ್ಡಿ ಬಿಯ ಹಾಡು ಕೇಳಿ ಕಾಲು ಕುಣಿಸಿದವರು ನಿಮ್ಮಲ್ಲಿ ಬಹಳ ಜನ ಇರಬಹುದು. ಒಮ್ಮೆ ಹಿಂದಕ್ಕೆ ಹೋಗಿ 'ಬ್ಯಾಂಗ್ ಬ್ಯಾಂಗ್' ಹುಡುಕಿ ಕೇಳಿ. ದನಿ ಸ್ವಲ್ಪ ಜೋರಾಗಿಯೇ ಇರಲಿ. ಮೊದಲ ಸಲ ಹಾಡುಗಾರನನ್ನು ಬಿಟ್ಟು, ಅವನ ಹಿಂದೆ ಕೂಗುವವರ ಕಡೆ ಕಿವಿ ಕೊಡಿ.