ಬಣ್ಣದ ಮರೆ

ಮಾತಿಗೆ ತಪ್ಪುವವನನ್ನು ಜನ ಗೋಸುಂಬೆಯೆಂದು ಹಳಿಯುತ್ತಾರೆ. ಗಳಿಗೆಗೊಂದು ಬಣ್ಣ ತಳೆಯುವ ಆ ಬಡಪ್ರಾಣಿಗೆ ಕಪಟಿಯೆಂಬ ಅಪಕೀರ್ತಿ ತಪ್ಪಿದ್ದಲ್ಲ. ಆದರೆ ಗೋಸುಂಬೆ ಬಣ್ಣ ಬದಲಾಯಿಸುವುದು ಹೆಚ್ಚಾಗಿ ತನ್ನ ಜಾತಿಯ ಇನ್ನೊಂದಕ್ಕೆ ಸಿಟ್ಟನ್ನೋ ಒಲವನ್ನೋ ತಿಳಿಸುವುದಕ್ಕಾಗಿ, ಮೈಯ ಶಾಖವನ್ನು ಹದದಲ್ಲಿರಿಸಿಕೊಳ್ಳುವುದಕ್ಕಾಗಿ. ವೈರಿಯ ಕಣ್ಣಿನಿಂದ ಅದನ್ನು ಕಾಯುವುದು ಎಲೆಗಳ ನಡುವೆ ಎಲೆಯಂತೆಯೇ ತೋರುವ ಅದರ ಸಹಜವಾದ ಹಸುರು. ಹೀಗೆ ಸುತ್ತಲಿನ ನೆಲೆಯೊಡನೆ ಬೆರೆತು ಕಾಣದಂತಾಗುವುದಕ್ಕೆ ಛದ್ಮವೇಷವೆಂದು ಹೆಸರು. ವೇಷವೆಂದೊಡನೆ ಮೋಸವೆಂದು ಬಗೆಯಬೇಕಾಗಿಲ್ಲ. ಉಗುರು ಕೊಂಬುಗಳಂತೆ ಇದೂ ಬದುಕಿನ ಒಂದು ಆಯುಧ.

ಪಶ್ಚಿಮಘಟ್ಟದ ಕಾಡುಗಳಲ್ಲಿ ಒಂದು ಚಿಟ್ಟೆಯುಂಟು. ಹಾರುವಾಗ ಅದರ ರೆಕ್ಕೆಗಳು ನೀಲಿಯಾಗಿ ಹೊಳೆಯುತ್ತವೆ. ಕುಳಿತು ರೆಕ್ಕೆ ಮಡಿಸಿತೆಂದರೆ ಕೊಂಬೆಯ ಮೇಲೆ ಉಳಿಯುವುದು ಒಂದು ಒಣಗಿದ ಎಲೆ. ಎಲೆಯ ನಡುನರವೂ ಅದರ ಮೇಲಿನ ಕಲೆಗಳೂ ಅಲ್ಲಿ ಮೂಡಿರುತ್ತವೆ. ಹುಲಿಯ ಉಪಾಯ ಇನ್ನೊಂದು ಬಗೆಯದು. ಅದರ ಕಿತ್ತಳೆ ಬಣ್ಣ ಮನುಷ್ಯನ ಕಣ್ಣಿಗೆ ಎದ್ದು ಕಾಣುತ್ತದೆ. ಆದರೆ ಜಿಂಕೆಯ ಕಣ್ಣು ಕಿತ್ತಳೆಯನ್ನೂ ಹಸುರನ್ನೂ ಬೇರೆಬೇರೆಯಾಗಿ ಗುರುತಿಸಲಾರದು. ಕರಿಯ ಪಟ್ಟೆಗಳು ಹುಲ್ಲಿನ ನೆರಳಿನೊಡನೆ ಸೇರಿದಾಗ ಅಷ್ಟು ದೊಡ್ಡ ಮೃಗವೂ ಅಡಗಿಹೋಗುತ್ತದೆ. ಯಾರ ಕಣ್ಣಿಗೆ ಕಾಣಬಾರದೋ ಅವರ ಕಣ್ಣಿಗೆ ಕಾಣದಿದ್ದರೆ ಸಾಕು.

ಈ ಬಣ್ಣಗಳನ್ನು ಪ್ರಾಣಿಗಳು ತಾವಾಗಿ ಆರಿಸಿಕೊಂಡವುಗಳಲ್ಲ. ಇಂಗ್ಲೆಂಡಿನ ಒಂದು ಪತಂಗದ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಬಿಳಿಯ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳುಳ್ಳ ಆ ಪತಂಗ, ಕಲ್ಲುಹೂ ಬೆಳೆದ ಮರಗಳ ಮೇಲೆ ಕುಳಿತರೆ ಹಕ್ಕಿಗಳಿಗೆ ಸುಲಭವಾಗಿ ಕಾಣುತ್ತಿರಲಿಲ್ಲ. ಕಾರ್ಖಾನೆಗಳ ಹೊಗೆ ಕಲ್ಲುಹೂವನ್ನು ಕೊಂದು ಮರಗಳಿಗೆ ಮಸಿ ಬಳಿಯಿತು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅದೇ ಜಾತಿಯ ಕರಿಯ ಪತಂಗವೊಂದು ದಾಖಲಾಯಿತು. 1895ರ ವೇಳೆಗೆ ಅಲ್ಲಿನ ನೂರಕ್ಕೆ ಸುಮಾರು 98 ಪತಂಗಗಳು ಕರಿಯವಾಗಿದ್ದವು. ಬಿಳಿಯವು ಹಕ್ಕಿಗಳಿಗೆ ತುತ್ತಾದವು. ಕರಿಯವು ಉಳಿದು ಸಂತತಿ ಬೆಳೆಸಿದವು. 1956ರಲ್ಲಿ ಬ್ರಿಟನ್ನಿನಲ್ಲಿ ಹೊಗೆಯನ್ನು ತಡೆಯುವ ಕಾಯಿದೆ ಬಂದ ಮೇಲೆ ಗಾಳಿ ಕ್ರಮೇಣ ತಿಳಿಯಾಯಿತು, ಬಿಳಿಯ ಪತಂಗಗಳು ಮತ್ತೆ ಹೆಚ್ಚಿದವು. ಕಾಪಾಡುವ ಬಣ್ಣವೇ ನೆಲೆ ಬದಲಾದಾಗ ಕೊಲ್ಲುವ ಬಣ್ಣವಾಯಿತು.

ಮನುಷ್ಯನಾದರೋ ಈ ಪಾಠವನ್ನು ತಡವಾಗಿ ಕಲಿತ. ಸೊಪ್ಪು ಹೊದ್ದು ಕುಳಿತ ಬೇಟೆಗಾರನಿಗೆ ಅದು ತಿಳಿದಿತ್ತು. ಠೀವಿಯನ್ನು ಬಯಸಿದ ಸೈನ್ಯಗಳು ಅದನ್ನು ಮರೆತಿದ್ದವು. ಬ್ರಿಟಿಷ್ ಸೈನಿಕರು ಕೆಂಪು ಅಂಗಿ ತೊಟ್ಟು ಯುದ್ಧಕ್ಕೆ ಹೋಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವೆ, ಅಂದಿನ ಭಾರತದ ವಾಯವ್ಯ ಗಡಿಯಲ್ಲಿದ್ದ ಗೈಡ್ಸ್ ಎಂಬ ದಳ ಧೂಳಿನ ಬಣ್ಣದ ಉಡುಪನ್ನು ಧರಿಸಿತು. ‘ಖಾಕ್’ ಎಂದರೆ ಪಾರಸಿಯಲ್ಲಿ ಧೂಳು, ಮಣ್ಣು. ‘ಖಾಕಿ’ ಹುಟ್ಟಿದ್ದು ಆ ಮಾತಿನಿಂದಲೇ. 1914ರಲ್ಲಿಯೂ ಫ್ರೆಂಚ್ ಕಾಲಾಳುಗಳು ಕೆಂಪು ಷರಾಯಿ ತೊಟ್ಟು ರಣರಂಗಕ್ಕಿಳಿದರು. ಯಂತ್ರಬಂದೂಕುಗಳ ಮುಂದೆ ಆ ಸೊಗಸು ನಿಲ್ಲಲಿಲ್ಲ. ಮರುವರ್ಷ ಅವರ ಉಡುಪು ಮಾಸಲು ನೀಲಿಯಾಯಿತು. ತೋಪುಗಳನ್ನು ಮರೆಮಾಡುವುದಕ್ಕೆ ಚಿತ್ರಕಾರರ ದಳವೊಂದು ಸಿದ್ಧವಾಯಿತು. ಎರಡನೆಯ ಮಹಾಯುದ್ಧದಲ್ಲಿ ವೈರಿಗಳ ವಿಮಾನಗಳನ್ನು ವಂಚಿಸಲು ತಾಜಮಹಲಿನ ಗುಮ್ಮಟದ ಸುತ್ತ ಸಾರುವೆ ಕಟ್ಟಿದ್ದರು. 1971ರ ಯುದ್ಧದಲ್ಲಿ ಆ ಅಮೃತಶಿಲೆಯ ಕಟ್ಟಡಕ್ಕೆ ಬಟ್ಟೆ ಹೊದಿಸಿದರು.

ಮನುಷ್ಯ ಒಂದು ಆಜ್ಞೆಯಿಂದ ತನ್ನ ಉಡುಪನ್ನು ಬದಲಾಯಿಸಬಲ್ಲ. ಪ್ರಾಣಿಗಳಿಗೆ ಆ ಸ್ವಾತಂತ್ರ್ಯವಿಲ್ಲ. ಉತ್ತರ ಅಮೆರಿಕದ ಹಿಮಪ್ರದೇಶದಲ್ಲಿ ಬೇಸಿಗೆಯಲ್ಲಿ ಕಂದಾಗಿಯೂ ಚಳಿಗಾಲದಲ್ಲಿ ಬೆಳ್ಳಗೂ ಇರುವ ಮೊಲವೊಂದಿದೆ. ಹಗಲು ಕಿರಿದಾಗುತ್ತ ಬಂದಂತೆ ಅದರ ರೋಮ ಬೆಳ್ಳಗಾಗತೊಡಗುತ್ತದೆ. ಹಿಮ ಬಿದ್ದಿತೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ಭೂಮಿಯ ತಾಪ ಏರಿ ಹಿಮ ತಡವಾಗಿ ಬೀಳುತ್ತ, ಬೇಗನೆ ಕರಗುತ್ತ ಇರುವುದರಿಂದ ಕಂದುನೆಲದ ಮೇಲೆ ಬೆಳ್ಳನೆಯ ಮೊಲ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಹೀಗೆ ನೆಲಕ್ಕೂ ಮೈಗೂ ಹೊಂದಿಕೆ ತಪ್ಪಿದ ದಿನಗಳಲ್ಲಿ ಮೊಲಗಳು ಹೆಚ್ಚಾಗಿ ಸಾಯುತ್ತವೆಂಬುದನ್ನು ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಪತಂಗಗಳಲ್ಲಿ ಕರಿಯವು ಮೊದಲೇ ಕೆಲವಿದ್ದವು. ವರ್ಷಕ್ಕೊಂದು ತಲೆಮಾರು ಕಳೆಯುವ ಆ ಜಾತಿ ಬದಲಾವಣೆಯನ್ನು ತಾಳಿಕೊಂಡಿತು. ಎಲ್ಲ ಜೀವಿಗಳಿಗೂ ಅಷ್ಟು ಅವಕಾಶ ದೊರೆಯುವುದೆಂಬ ಭರವಸೆಯಿಲ್ಲ. ಅಡಗುವ ವಿದ್ಯೆಯನ್ನು ಮನುಷ್ಯ ಕಲಿತದ್ದು ಕಾಡಿನ ಜೀವಿಗಳಿಂದ. ಅವುಗಳ ಕಾಡನ್ನೂ ಹಿಮವನ್ನೂ ಉಳಿಸಿಕೊಟ್ಟರೆ ಮಾತ್ರ ಆ ಗುರುದಕ್ಷಿಣೆ ಸಂದಂತಾಗುತ್ತದೆ.