ಹಿರೇಗುತ್ತಿಗೆ ಬಂದ ಉಮೇದುವಾರ

ಕುಮಟೆಯಿಂದ ಅಂಕೋಲೆಯ ಕಡೆಗೆ ಹೊರಟವರಿಗೆ ಮಿರ್ಜಾನ ದಾಟಿದ ಮೇಲೆ ನಮ್ಮ ಹಿರೇಗುತ್ತಿ ಸಿಗುತ್ತದೆ. ಸಿಗುತ್ತದೆ ಎನ್ನುವುದಕ್ಕಿಂತ ಹೆದ್ದಾರಿಯ ವಾಹನಗಳು ಅದನ್ನು ನೋಡದೆಯೇ ದಾಟಿಹೋಗುತ್ತವೆ ಎನ್ನುವುದೇ ಸರಿ. ವಿದೇಶಿಯರು ನಮಗೆ ಹೊಸಬರಲ್ಲ. ಬೆನ್ನಿಗೆ ಚೀಲ ಏರಿಸಿಕೊಂಡು ಗೋಕರ್ಣಕ್ಕೆ ಹೋಗುವವರನ್ನು ಬಸ್ಸಿನ ಕಿಟಕಿಗಳಲ್ಲಿ ಕಾಣುತ್ತಲೇ ಇರುತ್ತೇವೆ. ಆದರೆ ನಮ್ಮೂರಿನಲ್ಲಿಯೇ ಇಳಿದುಕೊಂಡವರು ಅಪರೂಪ.

ಕಳೆದ ಸಂಕ್ರಾಂತಿಯ ರಜೆಯಲ್ಲಿ ಅಂಥ ಒಬ್ಬ ಇಳಿದ. ಕರೆತಂದವನು ನನ್ನ ಹಳೆಯ ವಿದ್ಯಾರ್ಥಿ. ಅವನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಜೊತೆಗಿದ್ದವನು ಜರ್ಮನಿಯ ಸ್ಟಟ್‌ಗಾರ್ಟ್ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿ, ಅದೇ ಕಂಪನಿಗೆ ಆರು ತಿಂಗಳ ಮಟ್ಟಿಗೆ ಇಂಟರ್ನ್ ಆಗಿ ಬಂದವನು. ‘ಸರ್, ಇವನಿಗೆ ಗೋಕರ್ಣದ ಸಮುದ್ರ ನೋಡಬೇಕಂತೆ. ಮೊದಲು ನಿಮ್ಮನ್ನು ಕಂಡುಹೋಗೋಣ ಅಂತ ಕರಕೊಂಡು ಬಂದೆ’ ಎಂದ. ನಮ್ಮ ಮನೆಯಾಕೆ ಪದ್ಧತಿಯಂತೆ ಬೆಲ್ಲ ಮತ್ತು ತಂಬಿಗೆ ನೀರು ತಂದಿಟ್ಟಳು. ಹುಡುಗ ಎರಡನ್ನೂ ನೋಡಿ, ‘ಇದರಲ್ಲಿ ಯಾವುದು ಮೊದಲು?’ ಎಂದು ಕೇಳಿದ. ತಿಳಿಯದ್ದನ್ನು ತಿಳಿಯದು ಎಂದು ಕೇಳಿಬಿಡುವ ಹುಡುಗ ಎಂಬುದು ಆಗಲೇ ಗೊತ್ತಾಯಿತು.

ಜಗಲಿಯ ಮೇಲೆ ಕುಳಿತು ಚಾ ಕುಡಿಯುತ್ತಾ ಅವನ ಕಚೇರಿಯ ಅನುಭವಗಳನ್ನು ವಿಚಾರಿಸಿದೆ. ಮೊದಲ ದಿನ ಸಂಜೆ ಪಕ್ಕದ ಮೇಜಿನವರು ಎದ್ದು ನಿಂತು ‘ಹೋಗಿ ಬರ್ತೇನೆ’ ಎಂಬುದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿ ಹೊರಟರಂತೆ. ಬರುತ್ತೇನೆ ಎಂದವರು ಬಂದಾರೆಂದು ಇವನು ಅರ್ಧ ಗಂಟೆ ಕಾದು ಕುಳಿತ. ಕೊನೆಗೆ ಕಾವಲುಗಾರನೇ ಬಂದು ದೀಪ ಆರಿಸಬೇಕಾಯಿತು. ‘ಊಟ ಆಯ್ತಾ?’ ಎಂದು ಕೇಳಿದವರಿಗೆಲ್ಲ ಅವನು ತಾನು ಏನು ಉಂಡೆ, ಎಷ್ಟು ಉಂಡೆ ಎಂದು ವಿವರವಾಗಿ ವರದಿ ಒಪ್ಪಿಸುತ್ತಿದ್ದ. ಅದು ಕ್ಷೇಮಸಮಾಚಾರವೇ ಹೊರತು ಊಟದ ವಿಚಾರಣೆಯಲ್ಲ ಎಂದು ತಿಳಿಯಲು ಒಂದು ವಾರ ಹಿಡಿಯಿತು. ‘ನೋಡೋಣ’ ಎಂದರೆ ಬಹುತೇಕ ‘ಇಲ್ಲ’ ಎಂದರ್ಥ ಎಂಬುದಕ್ಕೆ ಇನ್ನೂ ಹೆಚ್ಚು ದಿನ ಬೇಕಾಯಿತು. ‘ಎರಡೇ ನಿಮಿಷ’ ಎಂಬುದರ ಅಳತೆ ಮಾತ್ರ ಈವರೆಗೂ ಸಿಕ್ಕಿಲ್ಲವಂತೆ.

ಮಧ್ಯಾಹ್ನದ ಬುತ್ತಿಯ ಸಂಗತಿ ಹೇಳುವಾಗ ಅವನ ಮುಖ ಅರಳಿತು. ಮೊದಲ ದಿನ ತನ್ನ ಬ್ರೆಡ್ಡನ್ನು ಒಂದು ಮೂಲೆಯಲ್ಲಿ ಕುಳಿತು ತಿಂದು ಮುಗಿಸಿದ್ದನಂತೆ. ಎರಡನೆಯ ದಿನ ಯಾರೋ ಕುರ್ಚಿಯನ್ನೇ ಎಳೆದು ನಡುವೆ ಕೂರಿಸಿದರು. ಐದು ಡಬ್ಬಿಗಳಿಂದ ಐದು ಬಗೆ ಬಂದು ಅವನ ತಟ್ಟೆಗೆ ಬಿದ್ದವು. ‘ನಮ್ಮಲ್ಲಿ ಒಬ್ಬರ ಪರಿಚಯಕ್ಕೆ ತಿಂಗಳುಗಳು ಬೇಕು. ಇಲ್ಲಿ ಒಂದು ಉಪ್ಪಿನಕಾಯಿ ಸಾಕಾಯಿತು’ ಎಂದ.

ಹೊರದೇಶದ ಎಳೆಯರು ನಮ್ಮ ನಾಡಿನ ಕಚೇರಿಗಳಿಗೆ ಬರುವುದು ಇಂದಿನ ಸಂಗತಿಯೇನಲ್ಲ. ನಮ್ಮ ಉತ್ತರಕ್ಕಿರುವ ಕಾರವಾರದಲ್ಲಿ 1638ರಲ್ಲೇ ಇಂಗ್ಲಿಷರ ವ್ಯಾಪಾರದ ಕೋಠಿ ಸ್ಥಾಪನೆಯಾಗಿತ್ತು. ಅದನ್ನು ‘ಫ್ಯಾಕ್ಟರಿ’ ಎನ್ನುತ್ತಿದ್ದರಾದರೂ ಅಲ್ಲಿ ಯಂತ್ರಗಳಿರಲಿಲ್ಲ. ‘ಫ್ಯಾಕ್ಟರ್’ ಎಂಬ ವ್ಯಾಪಾರಿ ಅಧಿಕಾರಿ ಕುಳಿತು ಕಾಳುಮೆಣಸು, ಬಟ್ಟೆಗಳ ಲೆಕ್ಕ ನೋಡುವ ಕಚೇರಿ ಮತ್ತು ಉಗ್ರಾಣ ಅದು. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಫ್ಯಾಕ್ಟರನಿಗಿಂತ ಕೆಳಗಿನ ಎಳೆಯ ಗುಮಾಸ್ತನಿಗೆ ‘ರೈಟರ್’ ಎಂದು ಹೆಸರು. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗಿಗೆ ಆ ಹೆಸರು ಬಂದದ್ದು ಇವರಿಂದಲೇ. ಅವರು ಬಂದದ್ದು ಮುಖ್ಯವಾಗಿ ಸಂಪಾದನೆಗೆ.

ಕಲಿಯಲು ಕುಳಿತವರೂ ಇದ್ದರು. ಹರ್ಮನ್ ಮೊಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದರು. ಧರ್ಮಪ್ರಚಾರಕ್ಕೆ ಬಂದವರಾದರೂ ಕನ್ನಡವನ್ನು ಶ್ರದ್ಧೆಯಿಂದ ಕಲಿತು, 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಅವರ ಹುಟ್ಟೂರು ಬ್ರಾಕನ್‌ಹೈಮ್ ನಮ್ಮ ಅತಿಥಿಯ ಸೀಮೆಯದೇ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. ಕೂಡಲೇ ಒಂದು ಪುಸ್ತಕ ತೆಗೆದು ಬರೆದುಕೊಂಡ.

ಈಗಿನ ಇಂಟರ್ನ್‌ಗಳಿಗೆ ವ್ಯವಸ್ಥಿತ ದಾರಿಗಳಿವೆ. ಬೇರೆ ಬೇರೆ ದೇಶಗಳ ತಾಂತ್ರಿಕ ವಿದ್ಯಾರ್ಥಿಗಳಿಗೆ ಪರದೇಶದಲ್ಲಿ ಕೆಲಸದ ಅನುಭವ ಕೊಡಿಸುವ ‘ಐಎಇಎಸ್‌ಟಿಇ’ ಸಂಸ್ಥೆ 1948ರಲ್ಲಿ ಹುಟ್ಟಿತು. ನಮ್ಮ ಮಣಿಪಾಲವೂ ಅದರ ಕೊಂಡಿಗಳಲ್ಲೊಂದು. ಇನ್ಫೋಸಿಸ್ ಕಂಪನಿ 1999ರಲ್ಲಿ ‘ಇನ್‌ಸ್ಟೆಪ್’ ಎಂಬ ಯೋಜನೆಯನ್ನು ಆರಂಭಿಸಿ ಹೊರದೇಶದ ವಿದ್ಯಾರ್ಥಿಗಳನ್ನು ಕರೆಸಿಕೊಂಡಿತು. ಆದರೂ ಇಂಟರ್ನ್ ಎಂಬ ಮಾತಿಗೆ ನಮ್ಮಲ್ಲಿ ಹಳೆಯ ಶಬ್ದವೇ ಇದೆ. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಕಾಲದ ಕಚೇರಿಗಳಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತಾ ನೌಕರಿಯ ಆಸೆಯಲ್ಲಿ ಇರುತ್ತಿದ್ದವನು ‘ಉಮೇದುವಾರ’. ಆ ಶಬ್ದವನ್ನು ಹೇಳಿಕೊಟ್ಟೆ. ‘ಉಮೇದು ಇದ್ದವನು’ ಎಂದು ಅರ್ಥ ಬಿಡಿಸಿದಾಗ ಅವನಿಗೆ ಬಹಳ ಖುಷಿಯಾಯಿತು.

ಆಮೇಲೆ ಅವನು ಇನ್ನೊಂದು ಪ್ರಸಂಗ ಹೇಳಿದ. ಒಂದು ಮೀಟಿಂಗಿನಲ್ಲಿ ಮೇಲಧಿಕಾರಿ ಹೊಸ ಕೆಲಸವೊಂದನ್ನು ವಿವರಿಸಿ ‘ಎಲ್ಲರಿಗೂ ಅರ್ಥವಾಯಿತೇ?’ ಎಂದರು. ಎಲ್ಲರೂ ತಲೆಯಾಡಿಸಿದರು. ನಮ್ಮ ತಲೆಯಾಟ ಹೌದೋ ಅಲ್ಲವೋ ಎಂಬುದೇ ಅವನಿಗೆ ಆಗಿನ್ನೂ ಬಗೆಹರಿದಿರಲಿಲ್ಲ. ಅವನೊಬ್ಬ ಕೈಯೆತ್ತಿ ‘ನನಗೆ ಅರ್ಥವಾಗಲಿಲ್ಲ’ ಎಂದ. ಅಧಿಕಾರಿ ಸಿಟ್ಟಾಗಲಿಲ್ಲ, ಇನ್ನೊಮ್ಮೆ ವಿವರಿಸಿದರು. ಮೀಟಿಂಗ್ ಮುಗಿದ ಮೇಲೆ ಚಾ ಕುಡಿಯುವ ಜಾಗದಲ್ಲಿ ಮೂವರು ಬಂದು ಇವನ ಕೈ ಕುಲುಕಿ ಉಪಕಾರ ಸ್ಮರಿಸಿದರಂತೆ. ‘ಅವರಿಗೂ ಅರ್ಥವಾಗಿರಲಿಲ್ಲ ಸರ್! ಹಾಗಾದರೆ ತಲೆಯಾಡಿಸಿದ್ದೇಕೆ?’

ನನ್ನ ಶಿಷ್ಯ ಚಾದ ಲೋಟವನ್ನೇ ನೋಡುತ್ತಿದ್ದ. ‘ಆ ಮೂವರಲ್ಲಿ ನಾನೂ ಒಬ್ಬ ಸರ್’ ಎಂದ ಮೆಲ್ಲಗೆ. ನಾನು ಮಾತು ಬದಲಿಸಿ, ‘ಗಜನಿ ನೋಡಿಬರೋಣ, ಏಳಿ’ ಎಂದೆ.

ಅಘನಾಶಿನಿಯ ಅಳಿವೆಯಲ್ಲಿ ಉಬ್ಬರದ ಉಪ್ಪುನೀರು ಏರಿ ಇಳಿಯುವ ತಗ್ಗು ಗದ್ದೆಗಳೇ ಗಜನಿ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ, ಗೊಬ್ಬರ ಬೇಡದ ಹಳೆಯ ತಳಿ ಅದು. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಬಾಗಿಲು ತೆರೆದು ಉಪ್ಪುನೀರು ಬಿಡುತ್ತಾರೆ. ಗದ್ದೆಯ ಕೂಳೆಯ ಆಶ್ರಯದಲ್ಲಿ ಸಿಗಡಿ, ಮೀನು ಬೆಳೆಯುತ್ತವೆ. ಈಚೆಗೆ ಈ ಪದ್ಧತಿ ಹಿಂದೆ ಸರಿದಿದೆ. ಕಗ್ಗ ಬಿತ್ತುವವರು ಕಡಿಮೆ. ಆದರೆ 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಸಾಲಿಗೆ ಸೇರಿದೆ.

ಕಟ್ಟೆಯ ಬಾಗಿಲ ಬಳಿ ನಮ್ಮ ನೆರೆಯ ಹಿರಿಯರೊಬ್ಬರು ಬಲೆ ಸರಿಮಾಡುತ್ತಿದ್ದರು. ಕೈಯಲ್ಲಿ ಗಡಿಯಾರವಿಲ್ಲ. ‘ಇಳಿತ ಯಾವಾಗ ಶುರುವಾಗುತ್ತದೆ?’ ಎಂದು ಹುಡುಗ ಕೇಳಿಸಿದ. ಅವರು ಅಂದಿನ ತಿಥಿಯನ್ನು ಬೆರಳಲ್ಲಿ ಎಣಿಸಿ, ‘ಇನ್ನೊಂದು ಗಳಿಗೆ ತಡೀರಿ ಮಾಸ್ತರ್ರೇ’ ಎಂದರು. ಗಳಿಗೆಯೆಂದರೆ 24 ನಿಮಿಷ. ಹುಡುಗ ಗಡಿಯಾರ ನೋಡಿಕೊಂಡೇ ನಿಂತ. ಅರ್ಧ ಗಂಟೆಯೊಳಗೆ ನೀರು ತಿರುಗಿತು, ಹಲಗೆ ಏರಿತು, ಬಲೆ ಬಿಗಿಯಿತು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ದಿನಕ್ಕೆ ಎರಡು ಗಳಿಗೆ ಎಂದು ಹಿರಿಯರು ಹೇಳುತ್ತಾರೆ, ಅಂದರೆ 48 ನಿಮಿಷ. ‘ನಮ್ಮ ಆಫೀಸಿನ ಮೀಟಿಂಗುಗಳಿಗೆ ಇವರನ್ನು ಕರೆಯಬೇಕು’ ಎಂದ ಅತಿಥಿ.

ನಕ್ಕ ಮೇಲೆ ಅವನು ನನ್ನ ಕಡೆ ತಿರುಗಿದ. ‘ಸರ್, ಚಂದ್ರ ನೀರನ್ನು ಸೆಳೆಯುತ್ತಾನೆ, ಸರಿ. ಹಾಗಾದರೆ ದಿನಕ್ಕೆ ಒಂದೇ ಉಬ್ಬರ ಬರಬೇಕಲ್ಲ, ಎರಡು ಬರುವುದೇಕೆ? ಚಂದ್ರನಿಲ್ಲದ ಆಚೆಯ ಬದಿಯಲ್ಲೂ ನೀರು ಉಬ್ಬುವುದು ಹೇಗೆ?’

ನನ್ನ ಶಿಷ್ಯ ತಟ್ಟನೆ ನನ್ನ ಮುಖ ನೋಡಿದ. ನನಗೂ ನೆನಪಾಯಿತು. ಎಂಟನೆಯ ತರಗತಿಯಲ್ಲಿ ಇದೇ ಪ್ರಶ್ನೆಯನ್ನು ಇವನು ಎದ್ದುನಿಂತು ಕೇಳಿದ್ದ. ‘ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ’ ಎಂದಿದ್ದೆ. ತರಗತಿ ನಕ್ಕಿತ್ತು. ನಿಜ ಹೇಳಬೇಕೆಂದರೆ ಆ ದಿನ ನನಗೂ ಉತ್ತರ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ, ಆದರೆ ಹುಡುಗನನ್ನು ಕರೆದು ಹೇಳಲಿಲ್ಲ. ಅವನು ಮತ್ತೆ ಪ್ರಶ್ನೆ ಕೇಳಿದ ನೆನಪೂ ನನಗಿಲ್ಲ.

ಗಜನಿಯ ಕಟ್ಟೆಯ ಮೇಲೆ ಆ ಪಾಠವನ್ನು ಈಗ ಮಾಡಿದೆ. ಮೂವರೂ ಸಾಲಾಗಿ ನಿಂತೆವು. ಮುಂದೆ ಅತಿಥಿ, ನಡುವೆ ಶಿಷ್ಯ, ಹಿಂದೆ ನಾನು. ಮುಂದಿನವನು ಬೇಗ, ನಡುವಿನವನು ಸಾಧಾರಣ, ನಾನು ನಿಧಾನ ನಡೆಯಬೇಕು. ಹತ್ತು ಹೆಜ್ಜೆಯಾದ ಮೇಲೆ ನಿಂತು ನೋಡಿದರೆ ನಡುವಿನವನಿಂದ ಇಬ್ಬರೂ ದೂರವಾಗಿದ್ದೆವು. ಒಬ್ಬ ಮುಂದಕ್ಕೆ, ಒಬ್ಬ ಹಿಂದಕ್ಕೆ. ಚಂದ್ರನಿಗೆ ಹತ್ತಿರವಿರುವ ನೀರಿಗೆ ಸೆಳೆತ ಹೆಚ್ಚು, ಭೂಮಿಯ ನಡುಭಾಗಕ್ಕೆ ಅದಕ್ಕಿಂತ ಕಡಿಮೆ, ಆಚೆಯ ನೀರಿಗೆ ಇನ್ನೂ ಕಡಿಮೆ. ಆದ್ದರಿಂದ ಆಚೆಯ ನೀರು ಹಿಂದುಳಿದು ಅಲ್ಲಿಯೂ ಉಬ್ಬುತ್ತದೆ. ‘ಇದನ್ನು ನಿನಗೆ ಆಗಲೇ ಹೇಳಬೇಕಿತ್ತು’ ಎಂದು ಶಿಷ್ಯನಿಗೆ ಹೇಳಿದೆ. ‘ಪರವಾಗಿಲ್ಲ ಸರ್’ ಎಂದ. ಅವನು ಹಾಗೆಂದದ್ದೇ ನನ್ನನ್ನು ಹೆಚ್ಚು ಚುಚ್ಚಿತು.

ಮರುದಿನ ಇಬ್ಬರೂ ಗೋಕರ್ಣಕ್ಕೆ ಹೊರಟರು. ಅತಿಥಿ ಮೆಟ್ಟಿಲಿಳಿದು ತಿರುಗಿ, ಕಲಿತ ಕನ್ನಡದಲ್ಲಿ ‘ಹೋಗಿ ಬರ್ತೇನೆ’ ಎಂದ. ನಮ್ಮ ಮನೆಯಾಕೆ ಅವನ ಚೀಲಕ್ಕೆ ಉಪ್ಪಿನಕಾಯಿಯ ಬಾಟಲಿ ತುರುಕಿದಳು.

ರಜೆ ಮುಗಿದು ಶಾಲೆಗೆ ಹೋದಾಗ ‘ಅರ್ಥವಾಯಿತೇ?’ ಎಂದು ಕೇಳುವುದನ್ನು ಬಿಟ್ಟೆ. ‘ಯಾರಿಗೆ ಅರ್ಥವಾಗಲಿಲ್ಲ?’ ಎಂದು ಕೇಳತೊಡಗಿದೆ. ಎರಡು ದಿನ ಒಂದು ಕೈಯೂ ಏಳಲಿಲ್ಲ. ಮೂರನೆಯ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅಳುಕುತ್ತಲೇ ಕೈಯೆತ್ತಿದಳು. ‘ಸರ್, ಚಂದ್ರ ಸಮುದ್ರದ ನೀರನ್ನು ಸೆಳೆದರೆ ನಮ್ಮ ಮನೆಯ ಕೊಡಪಾನದ ನೀರು ಯಾಕೆ ಉಬ್ಬುವುದಿಲ್ಲ?’

ಒಂದಿಬ್ಬರು ನಕ್ಕರು. ಆದರೆ ನಾನು ಅವಳಿಗೆ ಕುಳಿತುಕೋ ಎನ್ನಲಿಲ್ಲ.