ಗೇಟಿನಲ್ಲಿ ನಿಂತ ಲಾರಿ, ಸಿಗದ ಪಾಸ್‌ವರ್ಡ್

ಜಿಎಸ್‌ಟಿ, ಇ-ವೇ ಬಿಲ್, ಪಿಎಫ್, ಇಎಸ್‌ಐ, ಬ್ಯಾಂಕು, ಕರೆಂಟು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ನಮ್ಮ ಸಣ್ಣ ಕಾರ್ಖಾನೆಗೆ ಇವೆಲ್ಲಕ್ಕೂ ಒಂದೊಂದು ಪಾಸ್‌ವರ್ಡ್, ಎಲ್ಲವೂ ಅಕೌಂಟೆಂಟ್ ಒಬ್ಬರ ಡೈರಿಯಲ್ಲಿ. ಅವರು ಕೆಲಸ ಬಿಟ್ಟ ವಾರವೇ ಕೊಯಮತ್ತೂರಿಗೆ ಹೋಗಬೇಕಿದ್ದ ಲಾರಿ ಲೋಡಾಗಿ ಗೇಟಿನಲ್ಲಿ ನಿಂತುಬಿಟ್ಟಿತು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಇಲ್ಲದೆ ಗಾಡಿ ಹೊರಡುವಂತಿಲ್ಲ. ಬಿಲ್ ಮಾಡೋಣವೆಂದರೆ ಲಾಗಿನ್ ಇಲ್ಲ. ಅವರ ಫೋನು ಸ್ವಿಚ್ ಆಫ್. ಕೊಳ್ಳೇಗಾಲ, ಚಾಮರಾಜನಗರ ದಾಟಿ ದಿಂಬಂ ಘಾಟಿ ಇಳಿಯುವ ದಾರಿ ಅದು. ರಾತ್ರಿ ಅಲ್ಲಿ ಲಾರಿ ಬಿಡುವುದಿಲ್ಲ. ಮಧ್ಯಾಹ್ನ ತಪ್ಪಿದರೆ ಇಡೀ ದಿನವೇ ಹೋಯಿತು. ಡ್ರೈವರ್ ಕ್ಯಾಬಿನ್ನಿನಲ್ಲೇ ಮಲಗಿದ. ಮಾಲೀಕರು ನನ್ನನ್ನು ಕರೆದು, "ಇನ್ನೊಂದ್ಸಲ ಹಿಂಗಾಗಬಾರ್ದು ಕಣಯ್ಯ, ಏನಾದ್ರೂ ಮಾಡು" ಎಂದರು.

ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನೊಬ್ಬನೇ. ಪಾಸ್‌ವರ್ಡ್ ಮ್ಯಾನೇಜರ್‌ಗಳು ರೆಡಿಯಾಗಿ ಸಿಗುತ್ತವೆ ಎಂದೆ. ಆದರೆ 2022ರಲ್ಲಿ ಅಂಥದೇ ಒಂದಾದ ಲಾಸ್ಟ್‌ಪಾಸ್‌ನಿಂದ ಗ್ರಾಹಕರ ಪಾಸ್‌ವರ್ಡ್ ವಾಲ್ಟ್‌ಗಳ ಬ್ಯಾಕಪ್ಪೇ ಕಳುವಾದ ಸುದ್ದಿ ಅವರ ತಲೆಯಲ್ಲಿತ್ತು. ಬೇರೆಯವರ ಸರ್ವರ್ ಬೇಡ, ನಮ್ಮ ಕಂಪ್ಯೂಟರಿನಲ್ಲೇ ಇರಲಿ ಎಂದು ಪಟ್ಟು ಹಿಡಿದರು. ಹಾಗೆ ಶುರುವಾಯಿತು, ಪಾಸ್‌ವರ್ಡ್‌ಗಳನ್ನು ಕಾಪಾಡಿ ತುಂಬುವ ನನ್ನದೇ ಬ್ರೌಸರ್ ಎಕ್ಸ್‌ಟೆನ್ಶನ್.

ಬೀಗ ಹಾಕುವ ಭಾಗ ಅಷ್ಟು ಕಾಡಲಿಲ್ಲ. ಉಳಿದೆಲ್ಲವನ್ನೂ ತೆರೆಯುವ ಮಾಸ್ಟರ್ ಪಾಸ್‌ವರ್ಡನ್ನು ಪಿಬಿಕೆಡಿಎಫ್2 ವಿಧಾನದಲ್ಲಿ 6 ಲಕ್ಷ ಸುತ್ತು ಅರೆದು ಕೀ ತೆಗೆಯುವುದು, ಅದರಿಂದ ಎಇಎಸ್-256ರಲ್ಲಿ ಎಲ್ಲವನ್ನೂ ಮುಚ್ಚಿಡುವುದು. ಸುತ್ತುಗಳ ಲೆಕ್ಕ ಸಾಫ್ಟ್‌ವೇರ್ ಭದ್ರತೆಯ ಓವಾಸ್ಪ್ ಸಂಸ್ಥೆಯ ಶಿಫಾರಸು. ಕದ್ದವನು ಒಂದೊಂದೇ ಊಹೆ ಮಾಡುತ್ತಾ ಹೋದರೂ ಪ್ರತಿ ಊಹೆಗೂ ಅಷ್ಟೇ ಶ್ರಮ ಪಡಬೇಕು.

ನನ್ನ ನಿದ್ದೆ ಕೆಡಿಸಿದ್ದು ಬೇರೆ. ಹೊಸದಾಗಿ ಸೇರಿದ್ದ ಅಕೌಂಟ್ಸ್ ಅಕ್ಕ ಕೂಗುತ್ತಿದ್ದರು: "ತಮ್ಮಾ, ಈಗಷ್ಟೇ ಮಾಸ್ಟರ್ ಹಾಕಿದ್ನಲ್ಲ, ಮತ್ತೆ ಕೇಳ್ತೈತೆ ನೋಡು." ನಾನು ಹೋಗಿ ಎಕ್ಸ್‌ಟೆನ್ಶನ್ನಿನ ಡೆವಲಪರ್ ಟೂಲ್ಸ್ ತೆರೆದು ಕೂತರೆ ಎಲ್ಲ ಸರಿ. ಎದ್ದು ಬಂದರೆ ಮತ್ತೆ ಅದೇ ಕೂಗು. ರಾತ್ರಿ ಪಾಳಿಯ ಪ್ರೆಸ್ ಮೆಷಿನ್ನಿನ ಸದ್ದಿನಲ್ಲಿ ಒಬ್ಬನೇ ಕೂತು ಹುಡುಕಿದೆ. ಬ್ರೌಸರ್ ಎಕ್ಸ್‌ಟೆನ್ಶನ್‌ಗಳಿಗಿರುವ ಮ್ಯಾನಿಫೆಸ್ಟ್ ವಿ3 ನಿಯಮದಲ್ಲಿ ಎಕ್ಸ್‌ಟೆನ್ಶನ್ನಿನ ಹಿನ್ನೆಲೆ ಕೆಲಸ ಸರ್ವಿಸ್ ವರ್ಕರ್‌ನದು. 30 ಸೆಕೆಂಡ್ ಕೆಲಸವಿಲ್ಲದಿದ್ದರೆ ಬ್ರೌಸರ್ ಅದನ್ನು ನಿಲ್ಲಿಸುತ್ತದೆ, ಅದರ ನೆನಪಿನಲ್ಲಿದ್ದ ಕೀಯೂ ಅಲ್ಲಿಗೆ ಮುಗಿಯಿತು. ಆದರೆ ಡೆವಲಪರ್ ಟೂಲ್ಸ್ ತೆರೆದಿದ್ದರೆ ನಿಲ್ಲಿಸುವುದಿಲ್ಲ. ಅಂದರೆ ನಾನು ನೋಡುವಷ್ಟು ಹೊತ್ತು ರೋಗವೇ ಇರುತ್ತಿರಲಿಲ್ಲ. ಇಷ್ಟು ಗೊತ್ತಾಗುವ ಹೊತ್ತಿಗೆ ನಾನು ಹಣ್ಣಾಗಿದ್ದೆ. ಆಮೇಲೆ ಕೀಯನ್ನು ಎಕ್ಸ್‌ಟೆನ್ಶನ್ನಿಗೆ ಮೀಸಲಾದ ಸೆಷನ್ ಸ್ಟೋರೇಜಿಗೆ ಹಾಕಿದೆ. ಅದು ಡಿಸ್ಕಿಗೆ ಬರೆಯುವುದಿಲ್ಲ, ಬ್ರೌಸರ್ ಮುಚ್ಚಿದರೆ ಅಳಿಸಿಹೋಗುತ್ತದೆ.

ಕೆಲವು ಪುಟಗಳಲ್ಲಿ ಪಾಸ್‌ವರ್ಡ್ ತುಂಬಿದರೂ ಲಾಗಿನ್ ಬಟನ್ ಮಂಕಾಗಿಯೇ ಇರುತ್ತಿತ್ತು. ಕೈಯಿಂದ ಟೈಪ್ ಮಾಡಿದಾಗ ಏಳುವ ಇನ್‌ಪುಟ್ ಈವೆಂಟನ್ನು ನಾವೇ ಎಬ್ಬಿಸಬೇಕು, ಅಷ್ಟೇ.

ಹೆದರಿಕೆ ಹುಟ್ಟಿದ್ದು ಕೊನೆಯ ಪರೀಕ್ಷೆಯಲ್ಲಿ. 2025ರ ಆಗಸ್ಟ್‌ನಲ್ಲಿ ಡೆಫ್ ಕಾನ್ ಸಮ್ಮೇಳನದಲ್ಲಿ ಮಾರೆಕ್ ಟೋತ್ ಎಂಬ ಸಂಶೋಧಕ, ಹೆಸರಾಂತ ಪಾಸ್‌ವರ್ಡ್ ಮ್ಯಾನೇಜರ್‌ಗಳು ಪುಟದಲ್ಲಿ ಪಾಸ್‌ವರ್ಡ್ ತುಂಬಲು ತೋರಿಸುವ ಮೆನುವನ್ನೇ ಕಣ್ಣಿಗೆ ಕಾಣದಂತೆ ಮಾಡಿ ಕ್ಲಿಕ್ ಕದಿಯುವುದನ್ನು ತೋರಿಸಿದ್ದರು. ನಮ್ಮ ಮೆನುವೂ ಪುಟದೊಳಗೇ ಬರುತ್ತಿತ್ತು. ಪೋರ್ಟಲ್ಲಿನ ಯಾವುದೋ ಪುಟಕ್ಕೆ ಕಳ್ಳ ಸ್ಕ್ರಿಪ್ಟ್ ಹೊಕ್ಕರೆ ಏನಾದೀತು ಎಂದು ನಕಲಿ ಪುಟ ಮಾಡಿ, ಸುಳ್ಳು ಪಾಸ್‌ವರ್ಡ್ ಇಟ್ಟು ನೋಡಿದೆ. 'ಕುಕೀ ಒಪ್ಪಿಗೆ' ಬಟನ್ ಒತ್ತಿದೆ, ಪಾಸ್‌ವರ್ಡ್ ಪೂರ್ತಿ ನನ್ನ ಲಾಗ್‌ನಲ್ಲಿ ಬಂದು ಕೂತಿತು. ಕೈಕಾಲು ತಣ್ಣಗಾದವು. ಆ ಮೆನುವನ್ನು ಪುಟದಿಂದಲೇ ಕಿತ್ತು ಬ್ರೌಸರಿನ ಟೂಲ್‌ಬಾರ್ ಪಾಪಪ್ಪಿಗೆ ಒಯ್ದೆ. ಪುಟದ ಸ್ಕ್ರಿಪ್ಟ್ ಅದನ್ನು ಮುಟ್ಟಲಾರದು.

"ಒಂದು ಕ್ಲಿಕ್ ಜಾಸ್ತಿ ಆಯ್ತಲ್ಲಪ್ಪ" ಎಂದರು ಅಕ್ಕ. ಅವರನ್ನು ಕೂರಿಸಿ, ಎಕ್ಸ್‌ಟೆನ್ಶನ್ನಿನ ಹಳೆಯ ಆವೃತ್ತಿಯಲ್ಲಿ ಆ ನಕಲಿ ಬಟನ್ ಅವರ ಕೈಯಲ್ಲೇ ಒತ್ತಿಸಿದೆ.

"ಹಂಗಾದ್ರೆ ಬ್ಯಾಂಕಿಂದೂ ಹೋಗ್ತಿತ್ತಾ?"

"ಹೋಗ್ತಿತ್ತಕ್ಕ."

ಮತ್ತೆ ಅವರು ಕ್ಲಿಕ್ಕಿನ ಮಾತೆತ್ತಲಿಲ್ಲ. ಈಗ ಮಾಸ್ಟರ್ ಪಾಸ್‌ವರ್ಡ್ ಮಾಲೀಕರಿಗೂ ಅಕ್ಕನಿಗೂ ಗೊತ್ತು. ಓಟಿಪಿ ಬರುವ ನಂಬರೂ ಕಾರ್ಖಾನೆಯದೇ. ಇಬ್ಬರಲ್ಲಿ ಯಾರೇ ಬದಲಾದರೂ ಅವತ್ತೇ ಎಲ್ಲ ಪೋರ್ಟಲ್‌ಗಳ ಪಾಸ್‌ವರ್ಡ್ ಬದಲಿಸಬೇಕೆಂದು ಮಾಲೀಕರಿಂದ ಬರೆಸಿಕೊಂಡಿದ್ದೇನೆ.